ಔದಾರ್ಯದ ವಾರಕ್ಕೆ ಸಿಕ್ಕ ಉಪ್ಪಿನಕಾಯಿ

ಒಳ್ಳೆಯವರಾಗಬೇಕೆಂದು ಏಳು ಜನ ಒಟ್ಟಿಗೆ ಹೊರಟರೆ ಎಡವಟ್ಟುಗಳಿಗೆ ಬರವಿರುವುದಿಲ್ಲ. ಒಬ್ಬೊಬ್ಬರೇ ಹೊರಟಿದ್ದರೆ ಇಷ್ಟು ಆಗುತ್ತಿರಲಿಲ್ಲ.

ನಾನು ಪರದೇಶದಲ್ಲಿ, ನ್ಯೂ ಲಿನ್ ಎಂಬ ಬಡಾವಣೆಯ ಹತ್ತಿರದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಊರು ಧಾರವಾಡ. ಹೆಂಡತಿ ತೀರಿಕೊಂಡು ಹನ್ನೊಂದು ತಿಂಗಳಾಗಿದ್ದಾಗ ನಮ್ಮ ಶಾಲೆಯ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ನನ್ನನ್ನು ಒಂದು ಗುಂಪಿಗೆ ಕರೆದೊಯ್ದರು. ಅವರು ಯಹೂದಿ. “ಮನೇಲಿ ಕೂತು ಫ್ರಿಜ್ ಕಾಯೋದಕ್ಕಿಂತ ವಾಸಿ” ಎಂದರು. ಫ್ರಿಜ್ಜಿನ ವಿಷಯ ಅವರಿಗೆ ಗೊತ್ತಿತ್ತು. ಅವಳು ಹಾಕಿಟ್ಟ ಕೊನೆಯ ನಿಂಬೆ ಉಪ್ಪಿನಕಾಯಿಯ ಬಾಟಲಿ ಅದರಲ್ಲಿತ್ತು. ತೆರೆದರೆ ಮುಗಿದುಹೋಗುತ್ತದೆ ಎಂದು ನಾನು ತೆರೆದಿರಲಿಲ್ಲ.

ಗುಂಪಿನವರು ಮಾಡುವ ಅಭ್ಯಾಸಕ್ಕೆ ಯಹೂದಿಗಳಲ್ಲಿ ಮುಸ್ಸಾರ್ ಎನ್ನುತ್ತಾರೆ. ವಾರಕ್ಕೊಂದು ಗುಣ. ದಿನವೂ ಅದನ್ನು ಆಚರಿಸಬೇಕು, ಗೆದ್ದದ್ದು ಸೋತದ್ದು ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಭಾನುವಾರ ಮಧ್ಯಾಹ್ನ ಒಬ್ಬ ಅಜ್ಜಿಯ ಮನೆಯಲ್ಲಿ ಸೇರಿ ಒಪ್ಪಿಸಬೇಕು. ಅಜ್ಜಿಗೆ ಎಂಬತ್ತು ದಾಟಿದೆ. ಹೆರಿಗೆ ಮಾಡಿಸುವ ನರ್ಸ್ ಆಗಿದ್ದವರು. ಯಾರ ಅಳುವಿಗೂ ಬೆದರುವುದಿಲ್ಲ.

೧. ವಿನಯ

ತನಗೆ ಸಲ್ಲುವಷ್ಟೇ ಜಾಗ ಹಿಡಿದು ಉಳಿದವರಿಗೆ ದಾರಿ ಬಿಡುವುದೇ ವಿನಯ ಎಂದು ಅಜ್ಜಿ ಹೇಳಿ ಕಳಿಸಿದ್ದರು. ವಾರವಿಡೀ ಎಲ್ಲರೂ ದಾರಿ ಬಿಟ್ಟಿದ್ದೇ ಬಿಟ್ಟಿದ್ದು.

ಭಾನುವಾರ ಅಜ್ಜಿಯ ಮನೆ ಹತ್ತಿರದ ಪುಟ್ಟ ರೌಂಡ್‌ಅಬೌಟಿಗೆ ನಮ್ಮ ಗುಂಪಿನ ನಾಲ್ಕು ಕಾರುಗಳು ನಾಲ್ಕು ದಿಕ್ಕಿನಿಂದ ಒಟ್ಟಿಗೆ ಬಂದವು. ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕೆಂಬುದು ಇಲ್ಲಿನ ನಿಯಮ. ನಾಲ್ಕು ಕಡೆಯೂ ಕಾರಿದ್ದರೆ ಪ್ರತಿಯೊಬ್ಬರ ಬಲಕ್ಕೂ ಒಬ್ಬರಿರುತ್ತಾರೆ. ಬೇರೆ ವಾರವಾಗಿದ್ದರೆ ಯಾರಾದರೊಬ್ಬರು ನುಗ್ಗುತ್ತಿದ್ದರು. ಈ ವಾರ ನಾಲ್ವರೂ ಕಿಟಕಿಯಿಂದ ಕೈ ಹೊರಗೆ ಹಾಕಿ “ನೀವು ಹೋಗಿ”, “ಛೆ, ಮೊದಲು ನೀವು” ಎನ್ನುತ್ತ ಕುಳಿತೆವು. ನನ್ನ ಹಿಂದೆ ಏಣಿ ಹೇರಿಕೊಂಡ ಒಂದು ಯೂಟ್, ಅಂದರೆ ಇಲ್ಲಿನ ಪಿಕಪ್ ವ್ಯಾನು, ನಿಂತಿತ್ತು. ಎರಡು ಸಲ ಹಾರ್ನ್ ಹೊಡೆದು ಅದರ ಡ್ರೈವರ್ ಇಳಿದೇ ಬಂದ.

“ಏನ್ ಸಮಸ್ಯೆ, ಮೇಟ್?”

“ವಿನಯ ಅಭ್ಯಾಸ ಮಾಡ್ತಿದ್ದೇವೆ” ಎಂದೆ.

ಅವನು ನಾಲ್ಕೂ ಕಾರುಗಳನ್ನು ನೋಡಿದ. “ಚೆನ್ನಾಗೇ ಬರ್ತಾ ಇದೆ. ಸಾಕು ಮಾಡಿ.”

೨. ಸತ್ಯ

ಸತ್ಯದ ವಾರಕ್ಕೆ ಮುಂಚೆ ನಾನೊಂದು ಪ್ರಶ್ನೆ ಕೇಳಿದೆ. ಎದುರಿನವರ ಮನಸ್ಸಿಗೆ ನೋವಾಗುವಂತಿದ್ದರೆ? ಮದುವಣಗಿತ್ತಿ ಹೇಗೇ ಇದ್ದರೂ ಚೆಲುವೆ ಎನ್ನಬಹುದೇ ಎಂದು ಯಹೂದಿಗಳ ಪುರಾತನ ಗುರುಗಳೂ ಜಗಳವಾಡಿದ್ದಾರೆ, ಎನ್ನಬಹುದು ಎಂಬ ಕಡೆಯೇ ಗೆದ್ದಿದೆ ಎಂದು ಮೇಷ್ಟ್ರು ಹೇಳಿದರು. “ಆದರೆ ನೀವು ಗಣಿತದವರು, ಎಲ್ಲರನ್ನೂ ಮದುವಣಗಿತ್ತಿ ಅಂತ ಲೆಕ್ಕ ಹಾಕಬೇಡಿ” ಎಂದೂ ಸೇರಿಸಿದರು.

ಪಕ್ಕದ ಬೀದಿಯ ವಿಜಯಪುರದ ಆಂಟಿ ಪ್ರತಿ ಶನಿವಾರ ನನಗೆ ಅಡಿಗೆ ತಂದುಕೊಡುತ್ತಾರೆ. ಆಗ ಫಿಜೋವಾ ಹಣ್ಣಿನ ಕಾಲ. ಪೇರಲದ ದೂರದ ನೆಂಟನಂತಿರುವ ಈ ಹಸಿರು ಹಣ್ಣನ್ನು ಇಲ್ಲಿಯವರು ಚೀಲಗಟ್ಟಲೆ ಒಬ್ಬರ ಬಾಗಿಲಿಗೊಬ್ಬರು ಇಟ್ಟುಹೋಗುತ್ತಾರೆ. ಆಂಟಿ ಅದರ ಸಾರು ಮಾಡುತ್ತಿದ್ದರು. ಐದು ಶನಿವಾರ “ಭಾಳ ಚಲೋ ಆಗೇದ್ರಿ” ಎಂದಿದ್ದೆ. ಆರನೆಯ ಶನಿವಾರ ಧೈರ್ಯ ಮಾಡಿದೆ.

“ಆಂಟಿ, ತಪ್ಪು ತಿಳೀಬ್ಯಾಡ್ರಿ. ಈ ಸಾರು ನನಗ ಸೇರೂದಿಲ್ಲ.”

ಆಂಟಿ ಡಬ್ಬಿ ಕೆಳಗಿಟ್ಟು ನಿಟ್ಟುಸಿರು ಬಿಟ್ಟರು. “ಮೊದಲ ಹೇಳಬಾರದೇನ್ರಿ ಸರ್! ನಮ್ಮನ್ಯಾಗ ಒಬ್ಬರೂ ಮುಟ್ಟೂದಿಲ್ಲ. ನೀವೊಬ್ಬರ ಪ್ರೀತಿಲೆ ತಿಂತೀರಿ ಅಂತ ವಾರಾ ವಾರಾ ಮಾಡಲಿಕ್ಕೆ ಹತ್ತೀನಿ.”

ಡಬ್ಬಿಯನ್ನು ಫ್ರಿಜ್ಜಿನಲ್ಲಿಡಲು ಹೋಗಿ ಬಾಟಲಿ ನೋಡಿದರು. “ಇದನ್ನ ಇನ್ನೂ ತೆಗದಿಲ್ಲೇನು?”

“ಡಾಕ್ಟರು ಉಪ್ಪು ಬ್ಯಾಡ ಅಂದಾರ್ರಿ” ಎಂದೆ. ಯಾವ ಡಾಕ್ಟರೂ ಹಾಗೆ ಅಂದಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದೆ: ಸತ್ಯ ಒಂದು, ಸುಳ್ಳು ಒಂದು, ಪಂದ್ಯ ಡ್ರಾ.

೩. ಔದಾರ್ಯ

ದಿನಕ್ಕೊಂದು ವಸ್ತು ಕೊಡಬೇಕು. ದೊಡ್ಡದನ್ನು ಒಮ್ಮೆ ಕೊಡುವುದಕ್ಕಿಂತ ಸಣ್ಣದನ್ನು ಮತ್ತೆ ಮತ್ತೆ ಕೊಟ್ಟರೆ ಕೈಗೆ ರೂಢಿಯಾಗುತ್ತದಂತೆ. ವಾರದ ಕೊನೆಗೆ ಅಜ್ಜಿ ನನ್ನ ಪಟ್ಟಿ ಓದಿದರು: ಹಳೆಯ ಕೊಡೆ, ಎರಡು ಸ್ಟೇಪ್ಲರ್, ಬಿಗಿಯಾದ ಸ್ವೆಟರ್.

“ಇದು ಔದಾರ್ಯ ಅಲ್ಲ, ಮನೆ ಕ್ಲೀನಿಂಗ್” ಎಂದರು. “ಎಲ್ಲರದೂ ಹೀಗೇ ಇದೆ. ಇನ್ನೊಂದು ವಾರ ಮಾಡಿ. ಕೊಡುವಾಗ ಕೈ ನಡುಗಬೇಕು.”

ಸೋಮವಾರ ಬೆಳಗ್ಗೆ ಬಾಟಲಿ ತೆಗೆದುಕೊಂಡು ಹೋಗಿ ಮೇಷ್ಟ್ರಿಗೆ ಕೊಟ್ಟೆ. ಕೈ ನಡುಗಿತು. ಅವರು ಎರಡೂ ಕೈಯಿಂದ ತೆಗೆದುಕೊಂಡರು. ಮನೆಗೆ ಬಂದು ಫ್ರಿಜ್ ತೆರೆದು, ಅದು ಬೀಪ್ ಬೀಪ್ ಎನ್ನುವವರೆಗೂ ಆ ಖಾಲಿ ಜಾಗ ನೋಡುತ್ತ ನಿಂತಿದ್ದೆ.

ಭಾನುವಾರ ಅಜ್ಜಿ ಗಂಭೀರವಾಗಿ ಎದ್ದು ಬಂದು ನನ್ನ ಕೈಗೆ ಒಂದು ಬಾಟಲಿ ಇಟ್ಟರು. “ತುಂಬ ಅಮೂಲ್ಯವಾದದ್ದು. ನಿನ್ನೆ ಸಂಜೆ ನನಗೆ ಬಂತು. ನಿಮಗೆ ಕೊಡಬೇಕು ಅನ್ನಿಸಿತು.”

ಚೀಟಿಯ ಮೇಲೆ ನನ್ನ ಹೆಂಡತಿಯ ಕನ್ನಡ ಅಕ್ಷರ.

ವಿಚಾರಿಸಿದಾಗ ತಿಳಿಯಿತು. ಸೋಮವಾರದಿಂದ ಶನಿವಾರದವರೆಗೆ ಬಾಟಲಿ ಆರು ಮನೆ ಸುತ್ತಿತ್ತು. ಎಲ್ಲರೂ ಔದಾರ್ಯದ ವಾರದಲ್ಲಿದ್ದವರೇ. ಬೆಳಕಿಗೆ ಹಿಡಿದು ನೋಡಿದೆ. ಕತ್ತಿನವರೆಗಿದ್ದದ್ದು ಹೆಚ್ಚುಕಡಿಮೆ ಆರು ಚಮಚದಷ್ಟು ಇಳಿದಿತ್ತು.

“ಯಾರು ಯಾರು ರುಚಿ ನೋಡಿದಿರಿ?” ಎಂದೆ.

ಆರು ಜನರೂ ತಮ್ಮ ತಮ್ಮ ನೋಟ್‌ಬುಕ್ಕನ್ನು ಬಹಳ ಶ್ರದ್ಧೆಯಿಂದ ಓದತೊಡಗಿದರು. ಕೊನೆಗೆ ಮೇಷ್ಟ್ರು ಬಾಯಿಬಿಟ್ಟರು. “ಒಂದೇ ಚಮಚ. ಆಮೇಲೆ ಒಂದು ಜಗ್ ನೀರು. ನಿಮ್ಮ ಹೆಂಡತಿಯ ನೆನಪು, ಎಸೆಯೋ ಹಾಗಿಲ್ಲ. ತಿನ್ನೋ ಹಾಗೂ ಇಲ್ಲ.”

“ಅದಕ್ಕೆ ನನಗೆ ದಾಟಿಸಿದಿರಾ?” ಎಂದರು ಅವರ ಪಕ್ಕದವರು.

“ನೀವು ನನಗೆ ದಾಟಿಸಲಿಲ್ವೇ?” ಎಂದರು ಅವರ ಪಕ್ಕದವರು.

ಹೆಂಡತಿಯದೆಂದು ಈಗಷ್ಟೇ ತಿಳಿದ ಉಳಿದವರ ಮುಖ ಸಣ್ಣಗಾಯಿತು. ನನಗೆ ನಗು ಬಂತು. ಹತ್ತಿರ ಹತ್ತಿರ ಒಂದು ವರ್ಷದಿಂದ ಬಾರದಿದ್ದದ್ದೆಲ್ಲ ಒಟ್ಟಿಗೆ ಬಂತು. ಕಣ್ಣು ಒರೆಸಿಕೊಂಡು ಹೇಳಿದೆ: “ಉಪ್ಪು ಹಾಕೋದ್ರಲ್ಲಿ ಅವಳ ಕೈ ಧಾರಾಳ. ಇಪ್ಪತ್ತಾರು ವರ್ಷ ಇದನ್ನೇ ತಿಂದೆ. ಪ್ರತಿ ವರ್ಷವೂ ಮಸ್ತ್ ಆಗೇದ ಅಂದೆ.”

ಕೊಟ್ಟದ್ದನ್ನು ವಾಪಸು ಪಡೆಯುವುದು ಸರಿಯಲ್ಲವೆಂದು ಬಾಟಲಿಯನ್ನು ಮತ್ತೆ ಅಜ್ಜಿಯ ಮುಂದೆ ಸರಿಸಿದೆ. ಅಜ್ಜಿ ಅಷ್ಟೇ ಬೇಗ ನನ್ನ ಕಡೆ ತಳ್ಳಿದರು.

“ಬೇಡಪ್ಪ, ಇನ್ನು ಇದನ್ನ ಯಾರಿಗೂ ಕೊಡಬೇಡ. ಇದನ್ನ ತಿನ್ನಬೇಕು ಅಂದ್ರೆ ಅವಳ ಜೊತೆ ಇಪ್ಪತ್ತಾರು ವರ್ಷ ಸಂಸಾರ ಮಾಡಿರಬೇಕು.”