ಊಟದ ಡಬ್ಬಿಯೂ ಜಗತ್ತಿನ ಮಾರುಕಟ್ಟೆಯೂ

ನನ್ನ ಗಂಡ ಮೊನ್ನೆ ಮೊನ್ನೆಯವರೆಗೂ ಯಾವ ಪ್ರಶ್ನೆಗೂ 'ಹೌದು' ಎಂದವರಲ್ಲ, 'ಇಲ್ಲ' ಎಂದವರೂ ಅಲ್ಲ. ಕಾಫಿ ಬೇಕೇ ಎಂದರೆ, "ಬೇಡಿಕೆ ಇದೆ, ಆದರೆ ಅವಸರವೇನಿಲ್ಲ" ಎನ್ನುತ್ತಿದ್ದರು. ಮಳೆ ಬರುತ್ತಿದೆಯೇ ನೋಡಿ ಎಂದರೆ ಕಿಟಕಿಯಾಚೆ ಕೈ ಚಾಚಿ, ಒದ್ದೆಯಾದ ಅದೇ ಕೈಯನ್ನು ಒರೆಸಿಕೊಳ್ಳುತ್ತ, "ತೇವಾಂಶದ ಸೂಚನೆಗಳು ಕಂಡುಬಂದಿವೆ" ಎನ್ನುತ್ತಿದ್ದರು. ನನ್ನನ್ನು ಮದುವೆಯಾಗಲು ಕೇಳಿದ್ದಾದರೂ ಹೇಗೆ ಗೊತ್ತೇ? "ಮುಂಬರುವ ದಿನಗಳಲ್ಲಿ ನಮ್ಮಿಬ್ಬರ ಸಂಬಂಧ ಇನ್ನಷ್ಟು ಬಲಗೊಳ್ಳುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ." ನನಗಾಗ ಅರ್ಥವಾಗದ್ದನ್ನೆಲ್ಲ ಕಾವ್ಯವೆಂದು ನಂಬುವ ವಯಸ್ಸು. ನಾಚಿಕೊಂಡು ಒಪ್ಪಿಬಿಟ್ಟೆ.

ತಪ್ಪು ಅವನದಲ್ಲ, ಅವನ ಕೆಲಸದ್ದು ಎಂಬುದು ಅತ್ತೆಯವರ ವಾದ. (ತಮ್ಮ ಮಗನ ಎಲ್ಲ ತಪ್ಪುಗಳಿಗೂ ಅತ್ತೆಯವರು ಒಬ್ಬ ಬೇರೆ ಯಜಮಾನನನ್ನು ಹುಡುಕಿಟ್ಟಿರುತ್ತಾರೆ, ಬಹಳ ಸಲ ಅದು ನಾನು.) ನಮ್ಮವರು ದೇಶದ ಕೇಂದ್ರ ಬ್ಯಾಂಕಿನಲ್ಲಿ ಹೇಳಿಕೆ ವಿಭಾಗದ ಮುಖ್ಯಸ್ಥರು. ಕೇಂದ್ರ ಬ್ಯಾಂಕೆಂದರೆ ನಾವು ನೀವು ಪಾಸ್‌ಬುಕ್ ಹಿಡಿದು ನಿಲ್ಲುವ ಬ್ಯಾಂಕಲ್ಲ. ಬ್ಯಾಂಕುಗಳೇ ಕೈಕಟ್ಟಿ ನಿಲ್ಲುವ ಬ್ಯಾಂಕು. ಅದು ಆಗಾಗ ಸಭೆ ಸೇರಿ ಬಡ್ಡಿ ದರ ಏರಿಸಬೇಕೋ ಇಳಿಸಬೇಕೋ ತೀರ್ಮಾನಿಸುತ್ತದೆ, ಆಮೇಲೆ ಒಂದು ಪುಟದ ಹೇಳಿಕೆ ಹೊರಡಿಸುತ್ತದೆ. ಆ ಪುಟವನ್ನು ಯಾರಿಗೂ ಏನೂ ತಿಳಿಯದ ಹಾಗೆ ಬರೆಯುವುದು ನಮ್ಮವರ ಕೆಲಸ. ಒಮ್ಮೆ ಅದರಿಂದ 'ಸದ್ಯಕ್ಕೆ' ಎಂಬ ಒಂದು ಪದವನ್ನು ತೆಗೆದರಂತೆ. ಮೂರು ಖಂಡಗಳಲ್ಲಿ ಹಣವಂತರು ನಿದ್ದೆಗೆಟ್ಟರಂತೆ. ಇಂಥವರ ಹತ್ತಿರ ನಾನು ಪರದೆಯ ಬಣ್ಣ ಇಷ್ಟವಾಯಿತೇ ಎಂದು ಕೇಳಿಕೊಂಡು ಬಾಳಿದವಳು.

ಯಾಕ್ರೀ ಹೀಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತೀರಿ ಎಂದರೆ ಬ್ಯಾಂಕಿನ ಇತಿಹಾಸ ಹೇಳುತ್ತಾರೆ. (ಇತಿಹಾಸ ಹೇಳುವಾಗ ಮಾತ್ರ ಅವರ ಮಾತಿಗೆ ತಲೆಬುಡ ಇರುತ್ತದೆ, ನಡೆದುಹೋದದ್ದಕ್ಕೆ ಮಾರುಕಟ್ಟೆ ಬೆಚ್ಚುವುದಿಲ್ಲವಂತೆ.) ಒಂದು ದೊಡ್ಡ ಯುದ್ಧ ಮುಗಿದ ಕಾಲ. ಕಂಡಕಂಡ ಸಾಹುಕಾರರೆಲ್ಲ ತಮ್ಮ ತಮ್ಮ ನೋಟು ಅಚ್ಚು ಹಾಕಿಸುತ್ತಿದ್ದರು. ಈ ಬೀದಿಯ ನೋಟು ಮುಂದಿನ ಬೀದಿಯಲ್ಲಿ ಪೊಟ್ಟಣ ಕಟ್ಟಲಿಕ್ಕಷ್ಟೇ ಆಗುತ್ತಿತ್ತು. ಆಗ ಒಂದು ಧಾನ್ಯದ ಗೋದಾಮಿನ ಮಹಡಿಯಲ್ಲಿ, ಇಲಿಗಳ ಸಮ್ಮುಖದಲ್ಲಿ, ಕೇಂದ್ರ ಬ್ಯಾಂಕು ಅವತರಿಸಿತು. ಇಡೀ ದೇಶಕ್ಕೆ ಒಂದೇ ನೋಟು ಬಂತು. ಆದರೆ ಮೊದಲ ಗವರ್ನರು ಮಾತಿನಮಲ್ಲ. ಒಂದು ಮಧ್ಯಾಹ್ನ ಹೋಟೆಲಿನಲ್ಲಿ ಉಣ್ಣುತ್ತ ಜೊತೆಯವರಿಗೆ, "ನಮ್ಮ ನೋಟಿಗೆ ಈಚೆಗೆ ಸ್ವಲ್ಪ ಸುಸ್ತು" ಎಂದುಬಿಟ್ಟರು. ಪಕ್ಕದ ಮೇಜಿನಲ್ಲಿದ್ದವನು ಹಡಗಿನ ವ್ಯಾಪಾರಿ. ಸಂಜೆಯೊಳಗೆ ತಂತಿ ಹೋಯಿತು. ಮರುದಿನ ಸಮುದ್ರದಾಚೆಯ ಬಂದರುಗಳಲ್ಲಿ ನಮ್ಮ ನೋಟನ್ನು ಮುಟ್ಟುವವರಿಲ್ಲ, ಹಡಗುಗಳು ಸರಕು ಇಳಿಸದೆ ನಿಂತವು, ದೂರದೂರದ ಷೇರುಪೇಟೆಗಳು ಬಾಗಿಲು ಹಾಕಿದವು. ನೋಟು ಸುಧಾರಿಸಿಕೊಳ್ಳಲು ವರ್ಷಗಟ್ಟಲೆ ಬೇಕಾಯಿತು. ಗವರ್ನರು ಸುಧಾರಿಸಿಕೊಳ್ಳಲೇ ಇಲ್ಲ.

ಅಂದಿನಿಂದ ಬ್ಯಾಂಕಿನಲ್ಲಿ ಎರಡು ಕಟ್ಟಳೆ. ಬಡ್ಡಿ ತೀರ್ಮಾನಿಸುವ ವಾರ ಅಧಿಕಾರಿಗಳು ಹೊರಗೆ ಬಾಯಿ ಬಿಡುವಂತಿಲ್ಲ, ಅದು ಮೌನವಾರ. ಆ ವಾರ ಹೋಟೆಲಿನಲ್ಲಿ ಉಣ್ಣುವಂತೆಯೂ ಇಲ್ಲ, ಮನೆಯಿಂದ ಡಬ್ಬಿ ತರಬೇಕು. ಬ್ಯಾಂಕಿನೊಳಗೊಂದು ಅಡುಗೆಮನೆ ಇದೆ ನಿಜ, ಆದರೆ ತುರ್ತು ಸಭೆ ಕೂತು ಯಾರೂ ಹೊರಗೆ ಹೋಗಬಾರದು ಎನ್ನುವಾಗ ಮಾತ್ರ ಅಲ್ಲಿನ ಒಲೆ ಹಚ್ಚುತ್ತಾರೆ. ಹಾಗೆ ಹಚ್ಚಿದಾಗಲೆಲ್ಲ ಮರುದಿನ ಬಡ್ಡಿ ಏರಿದೆ, ಜಗತ್ತಿನ ಮಾರುಕಟ್ಟೆಗಳು ನೆಲಕಚ್ಚಿವೆ. ಅದಕ್ಕೇ ಮೌನವಾರದಲ್ಲಿ ಪತ್ರಕರ್ತರು ಬ್ಯಾಂಕಿನ ಮುಂಬಾಗಿಲಲ್ಲಿ ಕ್ಯಾಮೆರಾ ಹಿಡಿದು ನಿಂತು, ಒಳಗೆ ಹೋಗುವವರ ಮುಖ ನೋಡದೆ ಕೈ ನೋಡುತ್ತಾರೆ. ಇದನ್ನೆಲ್ಲ ನಾನು ಎಷ್ಟೋ ಸಲ ಕೇಳಿದ್ದೆ. ಕೇಳಿಯೂ ಈ ಮುಂದೆ ಹೇಳುವ ಅವಾಂತರ ಮಾಡಿದೆನೇ ಎಂದು ನೀವು ಕೇಳಿದರೆ, ಗಂಡ ಹೇಳುವ ಇತಿಹಾಸವನ್ನು ಯಾವ ಹೆಂಡತಿ ಕಿವಿಗೊಟ್ಟು ಕೇಳುತ್ತಾಳೆ ಎಂದು ನಾನೂ ಕೇಳಬೇಕಾಗುತ್ತದೆ.

ವಿಷಯಕ್ಕೆ ಬರುತ್ತೇನೆ. ನಾನು ಗಣಿತದ ಟೀಚರ್ ಆಗಿದ್ದವಳು. ಮಗಳು ಹುಟ್ಟಿದಾಗ ಕೆಲಸ ಬಿಟ್ಟೆ. ಈಗ ಅವಳೇ ಶಾಲೆಗೆ ಹೋಗುತ್ತಾಳೆ, ನಾನು ಮನೆಯಲ್ಲಿ ಕುಳಿತು ಕುಕ್ಕರಿನ ಕೂಗು ಎಣಿಸುತ್ತೇನೆ. ಮತ್ತೆ ಕರಿಹಲಗೆಯ ಮುಂದೆ ನಿಲ್ಲಬೇಕೆಂಬ ಆಸೆ ನನಗೆ ಎಷ್ಟಿತ್ತೆಂದರೆ, ಗೋಡೆಗೆ ಸುಣ್ಣ ಬಳಿಯುವ ವಾಸನೆ ಬಂದರೂ ಸೀಮೆಸುಣ್ಣ ನೆನಪಾಗಿ ಬೆರಳು ಗಾಳಿಯಲ್ಲೇ ಲೆಕ್ಕ ಬರೆಯತೊಡಗುತ್ತಿತ್ತು. ಹಳೆಯ ಶಾಲೆಯ ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿ, ಜಾಗ ಖಾಲಿಯಿದೆ, ಬರುವುದಾದರೆ ನಾಳೆ ಮಧ್ಯಾಹ್ನದೊಳಗೆ ಹೇಳಿ, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ ಎಂದರು. ಬರುತ್ತೇನೆಂದು ನಾನು ಆ ಕ್ಷಣವೇ ಮನಸ್ಸಿನಲ್ಲಿ ತೀರ್ಮಾನಿಸಿಯಾಗಿತ್ತು. (ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನನ್ನ ಪರವಾಗಿ ಬೇರೆ ಸಾಕ್ಷಿಗಳಿಲ್ಲ.) ಆದರೂ ಗಂಡನ ಬಾಯಿಂದ ಒಂದು ಮಾತು ಕೇಳೋಣವೆನಿಸಿತು. ಅಪ್ಪಣೆಯಲ್ಲ, ಅಭಿಪ್ರಾಯ.

ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಪ್ರಸ್ತಾವದಲ್ಲಿ ಸಕಾರಾತ್ಮಕ ಅಂಶಗಳಿವೆ. ಹಾಗೇ ಕೆಲವು ಸವಾಲುಗಳೂ ಇವೆ. ಪರಿಸ್ಥಿತಿಯನ್ನ ಹತ್ತಿರದಿಂದ ಗಮನಿಸೋಣ" ಎಂದರು.

"ಹೋಗಲಾ, ಬೇಡವಾ? ಒಂದೇ ಮಾತು ಹೇಳಿ."

"ಇದು ಮೌನವಾರ ಕಣೇ," ಎಂದು ಅವರು ಕನ್ನಡಕ ಹಾಕಿಕೊಂಡರು.

ನನ್ನ ಮೈಯೆಲ್ಲ ಉರಿದುಹೋಯಿತು. ಬಡ್ಡಿಗೂ ನನಗೂ ಏನು ಸಂಬಂಧ? ನಾನೇನು ಷೇರುಪೇಟೆಯೇ? ಲೆಕ್ಕದಲ್ಲಿ ಉತ್ತರ ಒಂದೋ ಸರಿ ಇರಬೇಕು, ಇಲ್ಲ ತಪ್ಪಿರಬೇಕು. 'ಸವಾಲುಗಳೂ ಇವೆ' ಎಂದು ಬರೆದ ಮಕ್ಕಳಿಗೆ ನಾನು ಸೊನ್ನೆ ಕೊಟ್ಟವಳು. ಈ ಮನುಷ್ಯನಿಗೆ ಒಂದು ಪದದ ಉತ್ತರ ಬರುವವರೆಗೆ ಒಂದು ತುತ್ತೂ ಕೊಡಬಾರದೆಂದು ಶಪಥ ಮಾಡಿದೆ. ಮರುದಿನ ಬೆಳಗ್ಗೆ ಮಗಳಿಗೂ ಅತ್ತೆಗೂ ಬಡಿಸಿ, ಒಲೆ ಆರಿಸಿ, ಅಡುಗೆಮನೆಯ ಬಾಗಿಲಿಗೆ ಸ್ಟೂಲು ಎಳೆದುಕೊಂಡು ಕೂತೆ. ನಮ್ಮವರು ಬಂದರು. ಡಬ್ಬಿ ಇಡುವ ಜಾಗ ನೋಡಿದರು, ನನ್ನ ಮುಖ ನೋಡಿದರು. ಅಲ್ಲಿ ಯಾವ ಸೂಚನೆ ಕಂಡುಬಂತೋ, ಬರಿಗೈಯಲ್ಲಿ ಚಪ್ಪಲಿ ಮೆಟ್ಟಿಕೊಂಡು ಕಂಬಿ ಕಿತ್ತರು.

ಗೆದ್ದೆನೆಂದು ಬೀಗುತ್ತ ಬಟ್ಟೆ ಒಣಹಾಕುತ್ತಿದ್ದೆ. ಒಳಗಿನಿಂದ ಅತ್ತೆ ಕರೆದರು. ಟೀವಿಯಲ್ಲಿ ನಮ್ಮವರ ಕೈ. ಬರೀ ಕೈ. ಅದರ ಸುತ್ತ ಕೆಂಪು ಬಣ್ಣದ ಒಂದು ವೃತ್ತ. ಕೇಂದ್ರ ಬ್ಯಾಂಕಿನ ಹಿರಿಯ ಅಧಿಕಾರಿ ಡಬ್ಬಿ ಇಲ್ಲದೆ ಒಳಗೆ ಹೋದರೆಂದೂ, ಎಂದರೆ ಬ್ಯಾಂಕಿನ ಒಲೆ ಹೊತ್ತಿದೆಯೆಂದೂ, ಎಂದರೆ ತುರ್ತು ಸಭೆಯೆಂದೂ, ಎಂದರೆ ಬಡ್ಡಿ ಏರುವುದು ಖಂಡಿತವೆಂದೂ ಒಬ್ಬ ಪರಿಣತ ಬೆವರುತ್ತ ವಿವರಿಸುತ್ತಿದ್ದ. ಷೇರುಪೇಟೆ ಜಾರಿತ್ತು. ಅದನ್ನು ನೋಡಿ ನೆರೆದೇಶದ್ದು ಜಾರಿತ್ತು, ಅದನ್ನು ನೋಡಿ ಸಮುದ್ರದಾಚೆಯದು. ತಾಮ್ರ, ಹತ್ತಿ, ಎಣ್ಣೆ ಒಂದರ ಮೇಲೊಂದು ಬೀಳುತ್ತಿದ್ದವು.

"ನನ್ನ ಮಗ ಉಪವಾಸ ಅಂತ ಇಡೀ ಪ್ರಪಂಚ ಗೋಳಾಡ್ತಿದೆ," ಎಂದರು ಅತ್ತೆ. "ನಿನಗೊಬ್ಬಳಿಗೇ ಕರುಣೆ ಇಲ್ಲ ನೋಡಮ್ಮ."

ಎದೆ ಧಸಕ್ಕೆಂದದ್ದು ನಿಜ. ಆದರೆ ಆಮೇಲೆ ಏನಾಯಿತು ಎನ್ನುವುದನ್ನೂ ಹೇಳಿಬಿಡುತ್ತೇನೆ: ಹೆಮ್ಮೆಯಾಯಿತು. ಸೋರುವ ನಲ್ಲಿ ರಿಪೇರಿಗೆ ಮೂರು ತಿಂಗಳಿಂದ ಗೋಗರೆದರೂ ಪ್ಲಂಬರು ನನ್ನ ಮಾತಿಗೆ ಕಿಮ್ಮತ್ತು ಕೊಟ್ಟಿರಲಿಲ್ಲ. ಅಂಥವಳು ಒಂದು ಒಲೆ ಆರಿಸಿ ಭೂಮಂಡಲವನ್ನು ನಡುಗಿಸಿದ್ದೆ. ಸೆರಗಿಗೆ ಕೈ ಒರೆಸಿಕೊಂಡು ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತೆ.

ಫೋನ್ ಬಂತು. ಸಾಕ್ಷಾತ್ ಉಪ ಗವರ್ನರು. ಮೌನವಾರವಾದ್ದರಿಂದ ನೇರವಾಗಿ ಏನನ್ನೂ ಹೇಳಲಾಗದೆ, ಗೃಹಮಟ್ಟದಲ್ಲಿ ಪೂರೈಕೆ ಮತ್ತೆ ಸಹಜಸ್ಥಿತಿಗೆ ಬಂದರೆ ಸ್ವಾಗತಾರ್ಹ ಎಂದರು. ಡಬ್ಬಿ ಬೇಕೇ ಎಂದು ಕೇಳಿದೆ. ಆ ದಿಕ್ಕಿನ ಯಾವುದೇ ಬೆಳವಣಿಗೆಯನ್ನು ಬ್ಯಾಂಕು ಗಮನಿಸುತ್ತದೆ ಎಂದರು. ಒಬ್ಬರಿಗಿಂತ ಒಬ್ಬರು.

"ನೋಡಿ ಸಾರ್," ಎಂದೆ, "ನಾನು ಕೆಲಸಕ್ಕೆ ಹೋಗೋ ವಿಷಯದಲ್ಲಿ ನಮ್ಮವರ ಅಭಿಪ್ರಾಯ ಏನು ಅಂತ ಒಂದೇ ಮಾತಲ್ಲಿ ಗೊತ್ತಾಗಬೇಕು. ಅಲ್ಲೀವರೆಗೆ ಡಬ್ಬಿ ಬರಲ್ಲ. ತಾಮ್ರ ಬಿದ್ದುಹೋದರೆ ಬೀಳಲಿ, ನಮ್ಮನೇಲಿರೋದೆಲ್ಲ ಸ್ಟೀಲು."

ಸ್ವಲ್ಪ ಹೊತ್ತಿಗೆ ಬ್ಯಾಂಕಿನ ಕಾರೊಂದು ಬಂದು ಮೊಹರು ಹಾಕಿದ ಲಕೋಟೆ ಕೊಟ್ಟಿತು. ಒಳಗೆ ನನ್ನ ಪ್ರಶ್ನೆಗೆ ಹೇಳಿಕೆ ವಿಭಾಗದ ಉತ್ತರ. ಶ್ರೀಮತಿಯವರ ಉದ್ಯೋಗಾಕಾಂಕ್ಷೆಯನ್ನು ಮಧ್ಯಮಾವಧಿಯ ದೃಷ್ಟಿಯಿಂದ ಸಮತೋಲನದ ನೆಲೆಯಲ್ಲಿ ಪರಿಗಣಿಸಲಾಗುವುದು. ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದು, 'ಪ್ರಶ್ನೆಯನ್ನು ಓದಿ ಉತ್ತರಿಸಿ' ಎಂದು ಬರೆದು, ಅದೇ ಕಾರಿನಲ್ಲಿ ವಾಪಸು ಕಳಿಸಿದೆ. ಅತ್ತೆ ಹಣೆ ಚಚ್ಚಿಕೊಂಡರು. ಟೀವಿಯಲ್ಲಿ ಹತ್ತಿ ಇನ್ನಷ್ಟು ಇಳಿಯಿತು.

ಆಮೇಲೆ ನಮ್ಮವರೇ ಬಂದರು. ಬ್ಯಾಂಕಿನ ಹಿಂಬಾಗಿಲಿನಿಂದ ಹೊರಡಿಸಿ, ಕಪ್ಪು ಗಾಜಿನ ಕಾರಿನಲ್ಲಿ ತಂದು ಬಿಟ್ಟಿದ್ದರು. ಹೊಟ್ಟೆ ತಾಳ ಹಾಕುತ್ತಿದ್ದದ್ದು ನನಗೇ ಕೇಳಿಸುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಇಷ್ಟು ವರ್ಷ ತುಕ್ಕು ಹಿಡಿದಿದ್ದ ಗೇಟು ತೆರೆಯುವ ಹಾಗಿತ್ತು.

"ಹೋಗು," ಎಂದರು.

ನಾನು ಸ್ಟೂಲಿನಿಂದ ಎದ್ದೆ. ಜಯಘೋಷಕ್ಕೆ ಬಾಯಿ ತೆರೆದಿದ್ದೆ ಕೂಡ. ಆದರೆ ಅವರ ಗೇಟು ಮುಚ್ಚಲಿಲ್ಲ.

"ಹೋಗು. ಖಂಡಿತ ಹೋಗು. ನೀನು ಮನೇಲಿ ಕೂತಾಗಿಂದ ನಮಗೆಲ್ಲ ಪಾಠ ಮಾಡ್ತಿದ್ದೀಯ. ನಾನು ಟವೆಲ್ ಮಡಿಸಿದ್ರೂ ತಪ್ಪು ಹುಡುಕಿ ಅಂಕ ಕಳೀತೀಯ. ಆ ಪಾಠ ಕೇಳೋಕೆ ಮಕ್ಕಳಿರೋ ಕಡೆ ಹೋಗು. ಡಬ್ಬೀಲಿ ಉಪ್ಪು ಯಾವಾಗ್ಲೂ ಜಾಸ್ತಿ. ಪರದೆ ಬಣ್ಣ ನನಗೆ ಮೊದಲಿಂದ್ಲೂ ಇಷ್ಟ ಇಲ್ಲ. ನಿನ್ನ ತಮ್ಮ ಹೇಳೋ ಜೋಕಿಗೆ ನಗು ಬರಲ್ಲ." ಉಸಿರು ತೆಗೆದುಕೊಂಡರು. ದನಿ ತಗ್ಗಿತು. "ಮಗಳ ಲೆಕ್ಕದ ಪುಸ್ತಕ ತೆಗೆದಾಗ ಮಾತ್ರ ನಿನ್ನ ಮುಖ ಅರಳುತ್ತೆ. ದಿನಾ ನೋಡ್ತೀನಿ. ಅದಕ್ಕೇ ಹೇಳ್ತಿದೀನಿ, ಹೋಗು."

ಕೋಲು ಕೊಟ್ಟು ಹೊಡೆಸಿಕೊಳ್ಳುವುದೆಂದರೆ ಇದೇ. ನೇರ ಮಾತು ಬೇಕೆಂದು ಜಗತ್ತನ್ನೇ ಒತ್ತೆಯಿಟ್ಟವಳು ನಾನು. ಈಗ ಬಡ್ಡಿಸಮೇತ ಬಂದಿತ್ತು. ಉಪ್ಪಿನ ಮಾತಿಗೆ ಜಗಳವಾಡೋಣವೆಂದರೆ ಆ ಕೊನೆಯ ಮಾತು ಅಡ್ಡ ಬಂತು. ಕಣ್ಣಲ್ಲಿ ನೀರು ಬಂತು, ಸಿಟ್ಟೂ ಬಂತು, ಯಾವುದು ಮೊದಲು ಬಂತೋ ಗೊತ್ತಿಲ್ಲ. ತಿರುಗಿ ನಿಂತು ಒಲೆ ಹಚ್ಚಿದೆ. ಮೊಟ್ಟೆ, ಬೇಯಿಸಿದ ತರಕಾರಿ, ಮಿಕ್ಕ ಬ್ರೆಡ್ಡು ತುಂಬಿ ಡಬ್ಬಿಯ ಮುಚ್ಚಳ ಒತ್ತಿದೆ. (ಉಪ್ಪು ಹಾಕಲೇ ಇಲ್ಲ. ಅನುಭವಿಸಲಿ.)

ಆಗ ಮುಖ್ಯೋಪಾಧ್ಯಾಯಿನಿಯ ಫೋನು. ಮಧ್ಯಾಹ್ನವಾಗಿತ್ತು. ನಮ್ಮವರು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು, ಅತ್ತೆ ಟೀವಿಯ ಸದ್ದು ತಗ್ಗಿಸಿ ಕಿವಿ ನಿಮಿರಿಸಿದರು.

"ಏನು ತೀರ್ಮಾನ ಮಾಡಿದ್ರಿ? ಬರ್ತೀರಾ?" ಎಂದರು ಮುಖ್ಯೋಪಾಧ್ಯಾಯಿನಿ.

ಇಲ್ಲಿದೆ ನೋಡಿ ನನ್ನ ಉಭಯಸಂಕಟ. ಬರುತ್ತೇನೆ ಎಂದರೆ ಗಂಡ 'ಹೋಗು' ಎಂದದ್ದಕ್ಕೆ ಹೊರಟಂತಾಗುತ್ತದೆ, ಅದೂ ಅತ್ತೆಯ ಎದುರು. ಬರುವುದಿಲ್ಲ ಎಂದರೆ ಕರಿಹಲಗೆ ಕೈತಪ್ಪುತ್ತದೆ. ನಾನೇ ಮೊದಲು ತೀರ್ಮಾನಿಸಿದ್ದು ಎನ್ನುವುದೂ ತಿಳಿಯಬೇಕು, ಅವರ ಮಾತಿಗೆ ನಾನು ಕುಣಿಯಲಿಲ್ಲ ಎನ್ನುವುದೂ ತಿಳಿಯಬೇಕು, ಕೆಲಸವೂ ಉಳಿಯಬೇಕು. ಬಾಯಿ ತೆರೆದೆ. ಹೊರಗೆ ಬಂದದ್ದು ಇದು:

"ಮೇಡಂ, ಇವತ್ತಿನ ಬೆಳವಣಿಗೆಗಳಿಂದ ಪ್ರಭಾವಿತಳಾಗದೆ, ನನ್ನ ಹಿಂದಿನ ಸ್ವತಂತ್ರ ನಿಲುವಿನ ಆಧಾರದ ಮೇಲೆ, ಈ ಪ್ರಸ್ತಾವವನ್ನ ಸಕಾರಾತ್ಮಕವಾಗಿ ಪರಿಗಣಿಸೋ ದಿಕ್ಕಿನಲ್ಲಿ..."

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

"ನನಗೊಂದೂ ಅರ್ಥ ಆಗ್ಲಿಲ್ಲ," ಎಂದರು ಮುಖ್ಯೋಪಾಧ್ಯಾಯಿನಿ. "ಬರ್ತೀರೋ ಇಲ್ವೋ? ಇನ್ನೊಬ್ಬರು ಇಲ್ಲೇ ಬಂದು ಕೂತಿದಾರೆ."

ನಾನು ಇನ್ನೂ 'ದಿಕ್ಕಿನಲ್ಲಿ' ಎಂಬಲ್ಲೇ ತಡವರಿಸುತ್ತಿದ್ದೆ. ಆಗ ಹಿಂದಿನಿಂದ ಒಂದು ಕೈ ಬಂದು ಫೋನನ್ನು ತನ್ನ ಬಾಯಿಯ ಹತ್ತಿರ ಎಳೆದುಕೊಂಡಿತು.

"ಬರ್ತಾಳೆ," ಎಂದರು ನಮ್ಮವರು. ಡಬ್ಬಿ ಎತ್ತಿಕೊಂಡು ಹೊರಟುಹೋದರು.

ಅವರು ಬ್ಯಾಂಕಿನ ಮುಂಬಾಗಿಲಲ್ಲಿ ಇಳಿದು, ಡಬ್ಬಿಯನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದು ಒಳಗೆ ಹೋದದ್ದನ್ನು ಟೀವಿ ಮತ್ತೆ ಮತ್ತೆ ತೋರಿಸಿತು. ಹತ್ತಿ ಎದ್ದಿತು, ತಾಮ್ರ ಎದ್ದಿತು, ಸಮುದ್ರದಾಚೆಯವರೂ ಎದ್ದು ಕೂತರು. ನಾನೂ ಅದರ ಮುಂದಿನ ಸೋಮವಾರದಿಂದಲೇ ಶಾಲೆಗೆ ಹೋಗುತ್ತಿದ್ದೇನೆ, ಯಾರ ಅಪ್ಪಣೆಯೂ ಇಲ್ಲದೆ, ಸ್ವಂತ ನಿರ್ಧಾರದ ಮೇಲೆ. ಆದರೆ ಸ್ಟಾಫ್ ರೂಮಿನಲ್ಲಿ ಇದನ್ನು ಬಾಯಿಬಿಟ್ಟು ಹೇಳಿದಾಗಲೆಲ್ಲ ಮುಖ್ಯೋಪಾಧ್ಯಾಯಿನಿ ನನ್ನ ಹೆಗಲು ತಟ್ಟಿ, ನಿಮ್ಮ ಯಜಮಾನರು ಅಷ್ಟು ಖಡಾಖಂಡಿತವಾಗಿ ಹೇಳದೆ ಇದ್ದಿದ್ದರೆ ನೀವೆಲ್ಲಿ ಬರುತ್ತಿದ್ದಿರಿ ಎನ್ನುತ್ತಾರೆ.