ಕೆಳಕೋಣೆಯ ಉಸಿರು

ಸೇಬಿನ ರಸವನ್ನು ಹುಳಿಬರಿಸಿ ಮಾಡುವ ಸೈಡರ್ ಎಂಬ ಪಾನೀಯವನ್ನು ಅಂಗಡಿಯಿಂದ ತಂದು ಕುಡಿಯುವುದು ಸ್ವಾಭಿಮಾನಿಯ ಲಕ್ಷಣವಲ್ಲ ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಸಿಂಧು ಬಟ್ಟೆ ಮಡಿಸುತ್ತಿದ್ದಳು.

"ಹಿತ್ತಲಲ್ಲೇ ಸೇಬಿನ ಮರ ಇದೆ. ಇನ್ನು ಮುಂದೆ ಈ ಮನೆಯ ಸೈಡರು ಈ ಮನೇಲೇ ಹುಟ್ಟುತ್ತೆ," ಎಂದೆ.

"ಹೋದ ವರ್ಷ ಮೊಸರೂ ಈ ಮನೇಲೇ ಹುಟ್ಟಬೇಕಿತ್ತು," ಎಂದಳು, ತಲೆ ಎತ್ತದೆ.

ಮಹಾಪುರುಷರು ಇಂಥ ಮಾತಿಗೆಲ್ಲ ಜಗ್ಗುವುದಿಲ್ಲ. ರಸ ಹಿಂಡಿದೆ, ಯೀಸ್ಟ್ ಹಾಕಿದೆ, ಹುಳಿಯಲು ಬಿಟ್ಟೆ. ಉಳಿದದ್ದು ಗುಳ್ಳೆ ಮಾತ್ರ. ಅದಕ್ಕೆ ಕೆಗ್ಗು ಎಂಬ ಉಕ್ಕಿನ ಪೀಪಾಯಿ ತಂದೆ. ಪಕ್ಕದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿದ ದೊಡ್ಡ ಸಿಲಿಂಡರು, ಎರಡರ ನಡುವೆ ಒಂದು ಪೈಪು. ಸಿಲಿಂಡರಿನ ಒತ್ತಡಕ್ಕೆ ಗ್ಯಾಸು ತಣ್ಣಗಿನ ಸೈಡರಿನೊಳಗೆ ಕರಗಬೇಕು, ಸೈಡರು ಸೋಡಾದಂತೆ ಚುರುಗುಟ್ಟಬೇಕು. ಇಷ್ಟನ್ನೂ ಕಡಲಾಚೆಯ ಸ್ಯಾನ್ ಮಟಿಯೋ ಊರಿನ ನಮ್ಮ ಹಳೆಯ ಬಾಡಿಗೆ ಮನೆಯ ಕೆಳಕೋಣೆಯಲ್ಲಿ, ಅಲ್ಲಿದ್ದ ಹಳೇ ಫ್ರಿಜ್ಜಿನ ಬಳಿ ಹೂಡಿದೆ. ಗ್ಯಾರೇಜಿನಿಂದ ಕೆಲವು ಮೆಟ್ಟಿಲು ಇಳಿದರೆ ಸಿಗುವ, ಕಿಟಕಿಯೇ ಇಲ್ಲದ ಗೂಡು ಅದು. ಅಕ್ಕಿ ಮೂಟೆ ಇರುವುದೂ ಅಲ್ಲೇ.

ಮರುದಿನ ಬೆಳಿಗ್ಗೆ ಅಕ್ಕಿ ತರಲು ಹೋದ ನನ್ನ ಅತ್ತೆ ತಾಯಮ್ಮ ಬರಿಗೈಯಲ್ಲಿ ಹತ್ತಿ ಬಂದರು. ಮಂಡ್ಯದಿಂದ ಮಗಳ ಮನೆಗೆ ಬಂದವರು, ಕಾರುಗಳು ಭೋರೆಂದು ಓಡುವ ಫ್ರೀವೇಗೂ ಹೆದರದ ಹೆಂಗಸು. ಮುಖವೆಲ್ಲ ಬೆವೆತಿತ್ತು.

"ಕೆಳಗೆ ಯಾರೋ ಅವ್ರೆ ಕಣವ್ವ," ಎಂದರು ಮಗಳಿಗೆ. "ಉಸ್ ಅಂತ ಉಸಿರು ಬುಡ್ತಾವ್ರೆ. ಎದೆ ಡವಡವ ಅಂತದೆ ನಂಗೆ."

ಸಿಂಧು ನಗುತ್ತ ಇಳಿದಳು, ನಗದೆ ಹತ್ತಿದಳು. "ರೀ, ಬೆನ್ನ ಹಿಂದೆ ಯಾರೋ ನಿಂತ ಹಾಗಿತ್ತು. ತಿರುಗಿದ್ರೆ ಯಾರೂ ಇಲ್ಲ. ತಲೆ ಒಂಥರಾ ಭಾರ. ಏನ್ ಇಟ್ಟಿದ್ದೀರ ಅಲ್ಲಿ?"

"ವಿಜ್ಞಾನ," ಎಂದೆ.

"ಈ ಮನೇಲಿ ಮುಂಚೆ ಯಾರಾದ್ರೂ ಹೋಗ್ಬುಟ್ಟಿದ್ರಾ ಅಳಿಯಂದ್ರೆ?" ಎಂದು ಅತ್ತೆ ಕೇಳಿದರು.

"ಇಲ್ಲಿನ ಬಾಡಿಗೆ ಕಟ್ಟೋರಿಗೆ ಸಾಯೋಕೂ ಪುರುಸೊತ್ತಿರಲ್ಲ ಅತ್ತೆ."

ಅತ್ತೆ ದೇವರ ಮುಂದಿನ ಹಿತ್ತಾಳೆ ದೀಪ ಹಚ್ಚಿ, ಬೆಂಕಿಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ನಾವಿಬ್ಬರೂ ಹಿಂದೆ ಹೋದೆವು. ನಾನು ಮೆಟ್ಟಿಲ ಮೇಲೆ ಕೈಕಟ್ಟಿ ನಿಂತೆ.

ಒಳಗೆ ಬಲ್ಬಿನ ಮಂಕು ಬೆಳಕು. ಏನೂ ಅಲುಗುತ್ತಿರಲಿಲ್ಲ. ಅತ್ತೆ ದೀಪವನ್ನು ನೆಲಕ್ಕಿಡಲು ಬಗ್ಗಿದರು. ಎದೆಮಟ್ಟದಲ್ಲಿ ನೆಟ್ಟಗೆ ಉರಿಯುತ್ತಿದ್ದ ಕುಡಿ ಸೊಂಟದ ಮಟ್ಟಕ್ಕೆ ಇಳಿದಾಗ ಸಣ್ಣಗಾಯಿತು, ಮೊಣಕಾಲಿಗೆ ಇಳಿದಾಗ ಬತ್ತಿಯನ್ನು ಬಿಟ್ಟು ಮೇಲೆದ್ದಂತಾಗಿ ಆರಿತು. ಯಾರೂ ಊದಿರಲಿಲ್ಲ. ಎದ್ದು ನಿಂತು ಕಡ್ಡಿ ಗೀರಿ ಮತ್ತೆ ಹಚ್ಚಿದರು, ಮತ್ತೆ ಬಗ್ಗಿದರು. ಅದೇ ಮಟ್ಟದಲ್ಲಿ ಮತ್ತೆ ಆರಿತು, ಯಾರೋ ಎರಡು ಬೆರಳಲ್ಲಿ ಚಿವುಟಿದ ಹಾಗೆ. ಬತ್ತಿಯ ಹೊಗೆ ಮೇಲೇರದೆ ಮೊಣಕಾಲಿನೆತ್ತರದಲ್ಲೇ ಅಡ್ಡಡ್ಡ ಚಾಚಿಕೊಂಡು ತೇಲುತ್ತ ನಿಂತಿತು. ಮೂಲೆಯಿಂದ ಉಸ್ ಎನ್ನುವ ಸದ್ದು ಬರುತ್ತಲೇ ಇತ್ತು, ಯಾವ ಅವಸರವೂ ಇಲ್ಲದೆ.

ನನ್ನ ಒಂದು ಕಾಲು ತಾನಾಗಿಯೇ ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿತು. ಆದರೆ ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. "ಎಣ್ಣೇಲಿ ನೀರು ಸೇರಿರುತ್ತೆ," ಎಂದು ಗಂಭೀರವಾಗಿ ತೀರ್ಪಿತ್ತು, ಒಳಗೆ ನುಗ್ಗಿ, ಸದ್ದಿನ ಮೂಲ ಹುಡುಕಲು ಸಿಲಿಂಡರಿನ ಬುಡಕ್ಕೆ ಬಗ್ಗಿದೆ.

ಸೋಡಾ ನೆತ್ತಿಗೇರಿದಂತೆ ಮೂಗು ಚುರ್ ಎಂದಿತು. ಉಸಿರು ಎಳೆದೆ. ಸಾಲಲಿಲ್ಲ. ಇನ್ನಷ್ಟು ಎಳೆದೆ. ಎಷ್ಟು ಎಳೆದರೂ ಸಾಲದು. ಗೋಡೆಗಳು ಹತ್ತಿರ ಬಂದವು. ಎದೆಯ ಮೇಲೆ ಯಾರೋ ಬಂದು ಕುಳಿತರು. ಏಳಬೇಕೆಂದುಕೊಂಡೆ, ಆದರೆ ಕಾಲುಗಳು ಬೇರೆ ಯಾರವೋ ಆಗಿದ್ದವು. ಆ ಕ್ಷಣ ಕೇಳಿದ್ದರೆ, ದೆವ್ವ ಇದೆ ಎಂದು ಯಾವ ಕೋರ್ಟಿನಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತಿದ್ದೆ.

"ಏಯ್, ಎದ್ದೇಳೋ! ಬಾರೋ ಆಚ್ಗೆ!"

ಮದುವೆಯಾದಂದಿನಿಂದ ನನ್ನನ್ನು ಬಹುವಚನದಲ್ಲೇ ಮಾತಾಡಿಸಿದ ಅತ್ತೆ, ಅಂಗಿಯ ಕಾಲರು ಹಿಡಿದು ಮೆಟ್ಟಿಲ ಮೇಲೆ ನನ್ನನ್ನು ದರದರನೆ ಎಳೆದರು. ಸಿಂಧು ತೋಳಿಗೆ ಕೈಕೊಟ್ಟಳು. ಹಿತ್ತಲ ಹುಲ್ಲಿನ ಮೇಲೆ ಅಂಗಾತ ಬಿದ್ದು ಆಕಾಶ ಕಂಡಾಗಲೇ ನನಗೆ ಹೈಸ್ಕೂಲಿನ ಕೆಮಿಸ್ಟ್ರಿ ನೆನಪಾದದ್ದು.

"ಗ್ಯಾಸು ಸೋರಿದೆ," ಎಂದು ಏದುಸಿರಲ್ಲಿ ಹೇಳಿದೆ. "ಯಾರೂ ಒಳಗೆ ಹೋಗ್ಬೇಡಿ."

ಸಿಂಧು ಆಗಲೇ ಎಮರ್ಜೆನ್ಸಿಗೆ ಫೋನು ಹಚ್ಚಿದ್ದಳು. "ನಾನೂ ಅಮ್ಮನೂ ಒಬ್ಬೊಬ್ರೇ ಹೋಗಿದ್ವಲ್ರೀ ಅಲ್ಲಿಗೆ," ಎಂದಷ್ಟೇ ಹೇಳಿದಳು. ಘೋಷಣೆಗಳ ಸರದಾರನಾದ ನಾನು ಎದ್ದು ಕುಳಿತು ಹುಲ್ಲು ಕೀಳತೊಡಗಿದೆ.

ಅಗ್ನಿಶಾಮಕದ ಕೆಂಪು ಲಾರಿ ಬಂತು. ಬೀದಿಯವರೆಲ್ಲ ಕಾಫಿ ಲೋಟ ಹಿಡಿದು ಹೊರಬಂದರು. ಬಾಗಿಲಿಗಿಂತ ಎತ್ತರವಿದ್ದ ಒಬ್ಬ ಸಿಬ್ಬಂದಿ ಮೆಟ್ಟಿಲಿಂದ ಗ್ಯಾಸು ಅಳೆಯುವ ಯಂತ್ರವನ್ನು ಇಳಿಬಿಟ್ಟ. ಅದು ಕಿರುಚಿಕೊಂಡಿತು. ಮುಖವಾಡ ತೊಟ್ಟು ಒಳಗೆ ಹೋಗಿ, ಸಿಲಿಂಡರು ಮುಚ್ಚಿ ಬಂದ. ಅದರ ಜೋಡಣೆಯಲ್ಲಿ ಇರಲೇಬೇಕಾದ ಪುಟ್ಟ ವಾಷರು ಇರಲಿಲ್ಲವಂತೆ. ಇರುವುದು ಹೇಗೆ? ಅದು ಇನ್ನೂ ತೆರೆಯದ ಪ್ಲಾಸ್ಟಿಕ್ ಚೀಲದಲ್ಲಿ, ಫ್ರಿಜ್ಜಿನ ಮೇಲೆ ಭದ್ರವಾಗಿ ಕುಳಿತಿತ್ತು.

ಈ ಗ್ಯಾಸು ಭಾರ, ಬಾವಿಯ ನೀರಿನಂತೆ ತಗ್ಗಿನಲ್ಲಿ ನಿಲ್ಲುತ್ತದೆ ಎಂದ ಆತ. ಸ್ವಲ್ಪ ಹೆಚ್ಚಾದರೆ ಎದೆ ಬಡಿದುಕೊಂಡು ಕಾರಣವಿಲ್ಲದೆ ಭಯವಾಗುತ್ತದಂತೆ. ಇನ್ನೂ ಹೆಚ್ಚಾದರೆ ಭಯಪಡಲು ಮನುಷ್ಯನೇ ಉಳಿಯುವುದಿಲ್ಲವಂತೆ. ದೀಪ ಆರುವುದನ್ನು ಕಂಡ ಮೇಲೂ ಒಳಗೆ ಹೋಗಿ ಬಗ್ಗಿದವರು ಯಾರು ಎಂದು ಕೇಳಿದ. ಸಿಂಧು ಬೆರಳು ತೋರಿಸಿದಳು.

ಹೋದ ಮರ್ಯಾದೆಯಲ್ಲಿ ಒಂದು ಚೂರಾದರೂ ಎತ್ತಿಕೊಳ್ಳೋಣವೆಂದು ನಾನು ಅತ್ತೆಯ ಕಡೆ ತಿರುಗಿದೆ.

"ನೋಡಿ ಅತ್ತೆ, ದೆವ್ವ ಗಿವ್ವ ಏನೂ ಅಲ್ಲ. ಕಣ್ಣಿಗೆ ಕಾಣಲ್ಲ, ಮೂಲೇಲಿ ಸೇರ್ಕೊಂಡಿರುತ್ತೆ, ಹತ್ರ ಹೋದವರ ಉಸಿರು ಕಟ್ಟಿಸುತ್ತೆ. ಬರೀ ಗಾಳಿ, ಅಷ್ಟೇ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ನಮ್ ಕಡೇಲೂ ಅದ್ಕೆ ಗಾಳಿ ಅಂತ್ಲೇ ಅನ್ನದು ಅಳಿಯಂದ್ರೆ."

ಅವರು ಏನಂದರು ಎಂದು ಅಗ್ನಿಶಾಮಕದವನು ನನ್ನನ್ನು ಕೇಳಿದ.

"ನೀವು ಹೇಳಿದ್ದನ್ನೇ," ಎಂದೆ.