ಉಡದಾರಕ್ಕೆ ಕೈ ಹೋದಾಗ

ಚಿಂತೆ ಮಾಡುವವರಿಗೆ ಲೋಕದಲ್ಲಿ ಒಳ್ಳೆಯ ಹೆಸರಿಲ್ಲ. ಬಸ್ಸು ಗಬ್ಬೂರು ದಾಟುವ ಮೊದಲೇ ಪಂಕ್ಚರ್ ಆದೀತೆಂದು ಹೆದರುವ, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮರಳುವ ಜಾತಿ ನನ್ನದು. ನಲವತ್ತು ದಾಟಿದರೆ ಈ ಗುಣ ಕೂದಲಿನ ಹಾಗೆ ಉದುರಿ ಹೋದೀತು ಎಂದುಕೊಂಡಿದ್ದೆ. ಕೂದಲು ಮಾತ್ರ ಉದುರಿತು. ಆದರೆ ಒಂದು ಸಲ, ಒಂದೇ ಸಲ, ಈ ಚಿಂತೆಯೇ ದೇವದುರ್ಗದ ಮಾನ ಕಾಯಿತು.

ದೇವದುರ್ಗದಲ್ಲಿ ನಾನು ಗುಮಾಸ್ತನಾಗಿದ್ದಾಗ ನಮ್ಮ ನೌಕರರ ಕಬಡ್ಡಿ ತಂಡಕ್ಕೆ ನನ್ನನ್ನು ಮ್ಯಾನೇಜರ್ ಮಾಡಿದ್ದರು. ಆಡಲು ಬಾರದು, ಆದರೆ ಲಿಂಬೆಹಣ್ಣು, ಅಯೋಡಿನ್ ಮರೆಯದೆ ತರುತ್ತಾನೆ ಎಂಬುದೇ ನನ್ನ ಅರ್ಹತೆ. ವರ್ಷವರ್ಷವೂ ರಾಯಚೂರಿನ ಮೈದಾನದಲ್ಲಿ ಮಾನ್ವಿಯವರ ಎದುರು ಸೋಲುವುದು ನಮ್ಮ ವಾಡಿಕೆ. ಸೋಲಿಸುತ್ತಿದ್ದವನು ಶರಣಪ್ಪ, ನನ್ನ ಹೆಂಡತಿಯ ಖಾಸಾ ತಮ್ಮ. ಅವನದು ಚತುರ ಆಟವೇನಲ್ಲ. ಒಳಗೆ ಬರುತ್ತಾನೆ, ಒಬ್ಬನನ್ನು ಮುಟ್ಟುತ್ತಾನೆ, ತಿರುಗಿ ನಟ್ಟನಡುವೆ ಓಡುತ್ತಾನೆ. ಎತ್ತಿಗೆ ಹತ್ತಿದ ಉಣ್ಣೆಹುಳುಗಳಂತೆ ನೇತಾಡುವ ನಮ್ಮವರನ್ನು ಎಳೆದುಕೊಂಡೇ ಗೆರೆ ಮುಟ್ಟುತ್ತಾನೆ.

ಸೋಲು ಮೈದಾನದಲ್ಲೇ ಮುಗಿಯುತ್ತಿದ್ದರೆ ಸಹಿಸಬಹುದಿತ್ತು. ಹಬ್ಬಕ್ಕೆ ಮಾನ್ವಿಗೆ ಹೋದರೆ ಶರಣಪ್ಪ ಊಟದ ತಾಟಿನಲ್ಲಿ ಇಡೀ ಪಂದ್ಯವನ್ನು ಮತ್ತೆ ಆಡುತ್ತಿದ್ದ. ಅವನು ಹೋಳಿಗೆ, ನಾವು ಹಪ್ಪಳ. ನಮ್ಮನ್ನೆಲ್ಲ ಪುಡಿಮಾಡಿ, "ಮುಂದಿನ ಸಲ ಹಗ್ಗ ತರ್ರಿ ಮಾಮಾ. ಬರೇ ಕೈಲೆ ಆಗವಲ್ದು ನಿಮ್ಮೋರಿಗೆ" ಎನ್ನುತ್ತಿದ್ದ. ನನ್ನ ಮಗಳೂ ಸೋದರಮಾವನ ಮಗ್ಗುಲಿಗೆ ಕೂತು ನಗುವುದನ್ನು ಕಲಿತಳು. ಅವನನ್ನು ನಿಲ್ಲಿಸುವ ತನಕ ಮಾನ್ವಿಯಲ್ಲಿ ಹೋಳಿಗೆ ಮುಟ್ಟುವುದಿಲ್ಲ ಎಂದು ನಾನು ಅಂದೇ ಶಪಥ ಮಾಡಿದೆ. ನನ್ನ ಹೋಳಿಗೆಯ ಪ್ರೀತಿ ಬಲ್ಲ ಅತ್ತೆಯವರು ವೈದ್ಯರಿಗೆ ತೋರಿಸಲು ಹೇಳಿದರು.

ಆಗ ನೆನಪಾದವನು ಜಾನ್. ಎಪ್ಪತ್ತರ ದಶಕದಲ್ಲಿ ಕಾಲುವೆ ನೀರಿನ ಬೇಸಾಯದ ಬಗ್ಗೆ ಸಲಹೆ ಕೊಡಲು ಬಂದಿದ್ದ ಅಮೆರಿಕದ ಹುಡುಗ. ಮಾನ್ವಿಯ ಹೋಟೆಲಿನಲ್ಲಿ ನನ್ನೆದುರು ಕೂತು ಮಿರ್ಚಿ ಬಜ್ಜಿ ತಿಂದು ಕಣ್ಣೀರು ಸುರಿಸುತ್ತಲೇ ತನ್ನ ದೇಶದ ಫುಟ್ಬಾಲ್ ವಿವರಿಸಿದ್ದ. ಅದನ್ನು ಚೆಂಡು ಬಗಲಲ್ಲಿಟ್ಟುಕೊಂಡು ಓಡಿ ಆಡುತ್ತಾರಂತೆ. ಬಜ್ಜಿಗಳನ್ನು ಎರಡು ಸಾಲಾಗಿ ಜೋಡಿಸಿ, ಎದುರಿಗೆ ಒಂದು ಈರುಳ್ಳಿ ಬಜ್ಜಿ ಇಟ್ಟ. ಈ ಈರುಳ್ಳಿ ಬಜ್ಜಿಯೇ ಚೆಂಡು ಹಿಡಿದು ನಡುವೆ ನುಗ್ಗುವ ಓಟಗಾರ ಎಂದ. ಕಾಯುತ್ತ ನಿಂತರೆ ಇವನಿಗೆ ವೇಗ ಸಿಗುತ್ತದೆ. ಆದ್ದರಿಂದ ಇವನು ಹೊರಡುವ ಮೊದಲೇ ನಮ್ಮ ಹಿಂದಿನ ಸಾಲಿನವರೂ ಮುಂದಿನ ಸಂದುಗಳಿಗೆ ನುಗ್ಗಿಬಿಡಬೇಕು. ಇದಕ್ಕೆ ಬ್ಲಿಟ್ಜ್ ಎನ್ನುತ್ತೇವೆ ಎಂದ. ಹಾಗಾದರೆ ಹಿಂದೆ ಯಾರಿರುತ್ತಾರೆ ಎಂದು ಕೇಳಿದೆ. ಯಾರೂ ಇಲ್ಲ ಎಂದವನೇ ಈರುಳ್ಳಿ ಬಜ್ಜಿ ತಿಂದುಬಿಟ್ಟ. ಆ 'ಯಾರೂ ಇಲ್ಲ' ನನ್ನನ್ನು ವರ್ಷಗಟ್ಟಲೆ ಕಾಡಿತ್ತು.

ನಮ್ಮವರು ಶರಣಪ್ಪ ಮುಟ್ಟಿದ ಮೇಲೆ ಹಿಡಿಯಲು ಹೋಗುತ್ತಿದ್ದರು. ಅವನು ಮುಟ್ಟುವ ಮೊದಲೇ ಇಬ್ಬರು ಕಾಲಿಗೆ ಬಿದ್ದು, ಇಬ್ಬರು ಅವನಿಗೂ ಗೆರೆಗೂ ನಡುವೆ ನುಗ್ಗಿದರೆ? ಕೈ ತಪ್ಪಿದರೆ ನಾಲ್ವರೂ ಒಮ್ಮೆಗೇ ಔಟ್. ಅಲ್ಲದೆ, ಅವನು ಹೊರಡುವ ಗಳಿಗೆ ಗೊತ್ತಾಗುವುದು ಹೇಗೆ? ಉತ್ತರ ಸಿಕ್ಕಿದ್ದು ಊಟದ ಪಂಕ್ತಿಯಲ್ಲೇ. ಮೂರನೆಯ ಹೋಳಿಗೆಗೆ ಇಳಿಯುವ ಮುಂಚೆ ಶರಣಪ್ಪ ಎಡಗೈ ಹೆಬ್ಬೆರಳಿನಿಂದ ಸೊಂಟದ ಉಡದಾರ ಸಡಿಲಿಸಿಕೊಳ್ಳುತ್ತಿದ್ದ. ಮೈದಾನದಲ್ಲೂ ನುಗ್ಗುವ ಮುಂಚೆ ಅಷ್ಟೇ ಎಂಬುದು ಥಟ್ಟನೆ ಹೊಳೆಯಿತು. ಇಂಥ ಗುಟ್ಟು ಬೀಗರಿಗಲ್ಲದೆ ಇನ್ನಾರಿಗೆ ಗೊತ್ತಾಗಬೇಕು?

ನಮ್ಮ ತಂಡದಲ್ಲಿದ್ದ ಜವಾನ ಹನುಮಂತ ಕಾಲು ಹಿಡಿಯುವುದರಲ್ಲಿ ನಿಪುಣ. ಅವನಿಗೊಂದು ಅನುಮಾನ. "ಸಾಹೇಬ್ರ, ಅಂವ ಬರೇ ತುರಿಸ್ಕೊಳ್ಳಾಕ ಕೈ ಹಾಕಿದ್ರ?" ಆ ಚಿಂತೆಯನ್ನು ನಾನು ಮೊದಲೇ ಮಾಡಿ ಮುಗಿಸಿದ್ದೆ. ತುರಿಕೆಯಾದರೆ ಉಗುರು, ಉಡದಾರವಾದರೆ ಹೆಬ್ಬೆರಳು ಎಂದೆ.

"ಮತ್ತ ಹಿಂದ ಯಾರಿರ್ತಾರ್ರಿ?"

"ಯಾರೂ ಇರಂಗಿಲ್ಲ" ಎಂದೆ. ತಿನ್ನಲು ಬಜ್ಜಿ ಇರಲಿಲ್ಲ, ನೀರು ಕುಡಿದೆ.

ಮನೆಯಲ್ಲೂ ದಿನಾ ರೊಟ್ಟಿ, ಚಟ್ನಿ ಬಟ್ಟಲು ಜೋಡಿಸಿ ಹೆಂಡತಿಗೆ ಈ ವ್ಯೂಹ ವಿವರಿಸುತ್ತಿದ್ದೆ. ಮಾನ್ವಿಯ ಹೆಣ್ಣುಮಗಳು, ಬಟ್ಟಲುಗಳ ಮೇಲೇ ಕಣ್ಣಿಟ್ಟು ಕೇಳುತ್ತಿದ್ದಳು.

ಪಂದ್ಯದ ಕೊನೆಯ ದಾಳಿಗೆ ನಾವು ಒಂದೇ ಅಂಕ ಮುಂದಿದ್ದೆವು. ಶರಣಪ್ಪ ಒಳಗೆ ಬಂದ. ನಾನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡು, ಒಂದೇ ಕಣ್ಣು ಹೊರಗಿಟ್ಟೆ. ಕಬಡ್ಡಿ ಕಬಡ್ಡಿ ಎಂಬ ಸದ್ದು ಒಳಗೊಳಗೆ ಹೋಯಿತು. ಎಡಗೈ ಸೊಂಟಕ್ಕೆ ಇಳಿಯಿತು. ಹೆಬ್ಬೆರಳು! ಆ ಒಂದು ಕಣ್ಣೂ ಮುಚ್ಚಿಹೋಯಿತು. ಧೊಪ್ಪೆಂದಿತು. ಕಬಡ್ಡಿ ಎಂಬ ಸದ್ದು ನರಳಿತು, ಸಣ್ಣದಾಯಿತು, ನಿಂತಿತು. ಧೂಳು ಅಡಗಿದಾಗ ಶರಣಪ್ಪ ಬೋರಲು ಬಿದ್ದಿದ್ದ, ಚಾಚಿದ ಅವನ ಬೆರಳಿಗೂ ಗೆರೆಗೂ ಗೇಣು ಅಂತರ, ಮೇಲೆ ನಮ್ಮ ನಾಲ್ವರು. ಜನ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡು ಮೈದಾನ ಸುತ್ತಿದರು. ಬಿದ್ದುಬಿಟ್ಟೇನೆಂಬ ಭಯ ಇದ್ದೇ ಇತ್ತು. ಆದರೂ ಅಷ್ಟು ಎತ್ತರದಿಂದ ರಾಯಚೂರು ಬಹಳ ಚೆಂದ ಕಾಣುತ್ತದೆ.

ಮುಂದಿನ ಯುಗಾದಿಗೆ ಮಾನ್ವಿಯಲ್ಲಿ ಎದೆಯುಬ್ಬಿಸಿ ಕೂತೆ. ಹಪ್ಪಳ ಜೋಡಿಸಿದೆ. ಕನ್ನಡಕ ಸರಿಪಡಿಸಿಕೊಂಡು, ಶರಣಪ್ಪ ಒಳಗ ಬಂದ ನೋಡ್ರಿ, ಎನ್ನಲು ಬಾಯಿ ತೆರೆದೆ. ಎಡದಿಂದ ಅತ್ತೆ ಹೋಳಿಗೆ ಹಾಕಿದರು. ಬಲದಿಂದ ಹೆಂಡತಿ ತುಪ್ಪ ಸುರಿದಳು. ಎದುರಿನಿಂದ ಮಗಳು ಬಂದು ಒಂದು ತುತ್ತು ಬಾಯಿಗೇ ಇಟ್ಟಳು. ನುಂಗಿ, ಕನ್ನಡಕ ಸರಿಪಡಿಸಿಕೊಂಡೆ. ಮತ್ತೆ ಮೂವರೂ ನುಗ್ಗಿದರು. ಶರಣಪ್ಪ ಗೋಡೆಗೊರಗಿ, "ಸಾವಕಾಶ ಉಣ್ರಿ ಮಾಮಾ, ಮಾತೇನು ಓಡಿ ಹೋಗ್ತಾವ?" ಎಂದ. ನಾನು ಹೆಂಡತಿಯ ಕಡೆ ನೋಡಿದೆ.

"ನೀವ ಹೇಳೀರಲ್ರಿ," ಎಂದಳು, "ಹೊರಡೂದಕ್ಕಿಂತ ಮೊದಲ ತಡೀಬೇಕಂತ. ನಿಮ್ಮ ಕೈ ಕನ್ನಡಕಕ್ಕ ಹೋಗ್ತದ."

ಅವಳ ಹಿಂದೆ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಸುರಿಯುತ್ತಿತ್ತು. ಅದನ್ನು ಕಂಡವನು ನಾನೊಬ್ಬನೇ. ಕೂಗಿ ಹೇಳೋಣವೆಂದರೆ ಬಾಯಿ ತುಂಬ ಹೋಳಿಗೆ.